ದರ್ಜಿ ಹೊಲಿದ ಸಣ್ಣ ಕರುಳು

ದರ್ಜಿಯ ನಾದಿನಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಅವಳು ಪಾಠಕ್ಕೆಂದು ಆರು ಮೀಟರಿನ ಸಣ್ಣ ಕರುಳು ಹೊಲಿದುಕೊಡಲು ಅವನಿಗೆ ಹೇಳಿದ್ದಳು: ಹೊರಗೆ ರೇನ್‌ಕೋಟಿನ ಬಟ್ಟೆ, ಒಳಗೆ ಟವೆಲ್. ಅಷ್ಟು ಚೆಂದದ ಟವೆಲನ್ನು ಒಳಗೆ ಬಚ್ಚಿಡಲು ಅವನಿಗೆ ಮನಸ್ಸೇ ಬರಲಿಲ್ಲ. ಅದನ್ನು ಹೊರಮೈಗೆ ಹಾಕಿ ಹೊಲಿದು, ಹೆಮ್ಮೆಯಿಂದ ತಾನೇ ತರಗತಿಗೆ ಹೊತ್ತು ತಂದ.

ಅವಳು ಒಂದು ತುದಿಯಲ್ಲಿ ಹಣ್ಣಿನ ರಸ ಸುರಿದಳು. ಅದು ಸೊರ್ರನೆ ಜಾರಿ, ಪಾಠ ನೋಡಲು ಬಂದು ಇನ್ನೊಂದು ತುದಿ ಹಿಡಿದಿದ್ದ ಹೆಡ್‌ಮಾಸ್ಟರ ಪ್ಯಾಂಟಿನ ಮೇಲೆಲ್ಲ ಚೆಲ್ಲಿತು.

"ಏನಮ್ಮಾ ಇದು, ಭೇದಿನಾ?" ಎಂದು ಅವರು ಕೂಗಿದರು.

"ಭೇದಿನೇ ಸಾರ್! ಕರುಳೊಳಗೆ ಟವೆಲ್ ಎಳೆ ಥರ ಪುಟ್ಟ ಪುಟ್ಟ ಬೆರಳಿರ್ತವೆ. ಅರಗಿದ ಊಟದ ಸಾರ ಹೀರಿ ರಕ್ತಕ್ಕೆ ಸೇರಿಸೋದು ಅವೇ. ನಮ್ಮ ಭಾವ ಅವನ್ನೆಲ್ಲ ಹೊರಗಿಟ್ಟುಬಿಟ್ಟಿದ್ದಾರೆ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾಚಿ ನೀರಾದ ದರ್ಜಿ, ಕೊರಳಿನ ಅಳತೆಪಟ್ಟಿ ತೆಗೆದು ಹೆಡ್‌ಮಾಸ್ಟರ ಸೊಂಟಕ್ಕೆ ಸುತ್ತಿದ.

"ಹೊಸ ಪ್ಯಾಂಟ್ ಹೊಲ್ದುಕೊಡ್ತೀನಿ ಸಾರ್. ಹೊಟ್ಟೆ ಸ್ವಲ್ಪ ಒಳಗೆ ಎಳ್ಕೊಳ್ಳಿ."