ಲಿಗಾಯಾಳ ಸಾವಿರದ ಐನೂರ ಅರವತ್ತು ಗಂಟೆ

ಆ ವೃದ್ಧಾಶ್ರಮದಲ್ಲಿ ಆರೈಕೆ ಕೆಲಸಕ್ಕೆ ಮೂವತ್ತೆಂಟು ಜನ ಹೆಂಗಸರಿದ್ದರು. ಪೂರ್ತಿ ಕೆಲಸ ಇದ್ದದ್ದು ಒಂಬತ್ತು ಜನಕ್ಕೆ. ಮಿಕ್ಕವರೆಲ್ಲ ಅರೆಕಾಲಿಕದವರು. ವಾರಕ್ಕೆ ಎರಡು ಪಾಳಿ, ಅಷ್ಟೇ. ಪೂರ್ತಿ ಕೆಲಸ ಕೊಟ್ಟರೆ ಸಂಬಳದ ರಜೆ ಕೊಡಬೇಕು, ಪಿಂಚಣಿ ಕಟ್ಟಬೇಕು. ಹಾಗಾಗಿ ಒಬ್ಬರ ಕೆಲಸವನ್ನು ಎರಡು ತುಂಡು ಮಾಡಿ ಇಬ್ಬರಿಗೆ ಹಂಚುತ್ತಿದ್ದರು. ಕೆನಡಾದ ವಿನ್ನಿಪೆಗ್‌ನಲ್ಲಿ ಹೊಸದಾಗಿ ಬಂದ ಫಿಲಿಪೀನೋ ಹೆಂಗಸರ ಪಾಡು ಬಹುಮಟ್ಟಿಗೆ ಹೀಗೇ. ಇಲ್ಲಿ ಒಂದು ತುಂಡು, ಇನ್ನೊಂದು ಕಡೆ ಇನ್ನೊಂದು ತುಂಡು, ನಡುವೆ ಎರಡು ಬಸ್ಸು.

ಲಿಗಾಯಾ ಆ ಅರೆಕಾಲಿಕದವರಲ್ಲಿ ಒಬ್ಬಳು. ಫಿಲಿಪೀನ್ಸಿನ ಇಲೋಇಲೋದಲ್ಲಿ ಅವಳು ನರ್ಸ್ ಆಗಿದ್ದಳು. ಇಲ್ಲಿಗೆ ಬಂದು ಆರೈಕೆಯ ಕೋರ್ಸ್ ಓದಿ ಮುಗಿಸಿದ್ದಳು. ಓದು ಮುಗಿದ ಮೇಲೆ ಸಿಕ್ಕ ಕೆಲಸದ ಪರವಾನಗಿಯಲ್ಲಿ ಇನ್ನು ಐದೇ ತಿಂಗಳು ಉಳಿದಿತ್ತು. ಅಷ್ಟರೊಳಗೆ ಕಾಯಂ ವಾಸಕ್ಕೆ ಅರ್ಜಿ ಹಾಕದಿದ್ದರೆ ಗಂಡ ರೊಮುಲೋ, ಏಳು ವರ್ಷದ ಮಗಳು, ಅವಳು, ಮೂವರೂ ಗಂಟುಮೂಟೆ ಕಟ್ಟಬೇಕು.

ಆ ಸೋಮವಾರ ಅವಳು ಮೂರನೇ ಸಲ ಮ್ಯಾನೇಜರ್ ಗ್ವೆನ್ ಮುಂದೆ ನಿಂತು ಪೂರ್ತಿ ಕೆಲಸ ಕೇಳಿದಳು.

"ಜಾಗ ಇಲ್ಲ ಲಿಗಾಯಾ. ಅರೆಕಾಲಿಕ ಆದ್ರೆ ನಿಮಗೂ ಅನುಕೂಲ ಅಲ್ವಾ? ಮನೆ ಕಡೆ ನೋಡ್ಕೋಬಹುದು," ಎಂದಳು ಗ್ವೆನ್, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಅನುಕೂಲವಂತೆ! ಆ ಬೆಳಿಗ್ಗೆ ಲಿಗಾಯಾ ಹನ್ನೊಂದು ಜನ ಮುದುಕರಿಗೆ ಮೈ ತೊಳೆದಿದ್ದಳು. ಅದರಲ್ಲಿ ಒಬ್ಬ ಅವಳ ಕೈ ಕಚ್ಚಿದ್ದ. ಅವಳು ಹಲ್ಲು ಕಚ್ಚಿಕೊಂಡು ಹೊರಗೆ ಬಂದಳು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ರೊಮುಲೋ ಅವಳನ್ನು ವೆನಾನ್ಸಿಯೋನ ಅಂಗಡಿಗೆ ಕರೆದುಕೊಂಡು ಹೋದ. ವೆನಾನ್ಸಿಯೋ ಊರಿಗೆ ಸಾಮಾನಿನ ಪೆಟ್ಟಿಗೆ ಕಳಿಸಿಕೊಡುವವನು. ಹಿಂದಿನ ಕೋಣೆಯಲ್ಲಿ ಕಾಗದಪತ್ರದ ದಂಧೆ. ಲೈಸೆನ್ಸ್ ಇಲ್ಲ, ಬೋರ್ಡಿಲ್ಲ. ಆದರೂ ಬಾಗಿಲಲ್ಲಿ ಯಾವಾಗಲೂ ನಾಲ್ಕು ಜನ ಇರುತ್ತಿದ್ದರು.

"ಎರಡು ಆಶ್ರಮದಲ್ಲಿ ಮಾಡಿದೀನಿ ಅಣ್ಣ," ಎಂದಳು ಲಿಗಾಯಾ. "ಒಂದರಲ್ಲಿ ವಾರಕ್ಕೆ ಹದಿನಾರು ಗಂಟೆ, ಇನ್ನೊಂದರಲ್ಲಿ ಹದಿನಾಲ್ಕು. ಅದು ಈಗ ಮುಚ್ಚಿದೆ."

ವೆನಾನ್ಸಿಯೋ ನಕ್ಕ. "ತಂಗೀ, ಪಾರ್ಟ್-ಟೈಮ್ ಅಂದ್ರೆ ಸರ್ಕಾರದ ಕಣ್ಣಿಗೆ ಕೆಲಸಾನೇ ಅಲ್ಲ, ಹೊಟ್ಟೆಪಾಡು. ಎಷ್ಟು ಮಾಡಿದ್ರೂ ಸೊನ್ನೆ."

"ಸೊನ್ನೆನಾ?"

"ದೊಡ್ಡ ಸೊನ್ನೆ. ಹೆದರ್ಬೇಡ, ನಾನಿಲ್ವಾ? ನನ್ನ ಪರಿಚಯದವರದ್ದು ಒಂದು ಕ್ಲೀನಿಂಗ್ ಕಂಪನಿ ಇದೆ. ನೀನು ಅಲ್ಲಿ ಪೂರ್ತಿ ವರ್ಷ ಸೂಪರ್‌ವೈಸರ್ ಆಗಿದ್ದೆ ಅಂತ ಲೆಟರ್ ಮಾಡಿಸಿಕೊಡ್ತೀನಿ. ಸಂಬಳದ ಚೀಟಿ, ಎಲ್ಲಾ ಅಚ್ಚುಕಟ್ಟು. ಖರ್ಚಿನ ಮಾತು ಆಮೇಲೆ."

"ನಾನು ಆ ಕಂಪನಿ ಮುಖಾನೇ ನೋಡಿಲ್ಲ."

"ಕಂಪನಿ ಕಾಗದದಲ್ಲಿ ನಿನ್ನ ಹೆಸರಿದ್ರೆ ಸಾಕು ಬಿಡು," ಎಂದು ವೆನಾನ್ಸಿಯೋ ಮತ್ತೆ ನಕ್ಕ. ರೊಮುಲೋನೂ ನಕ್ಕ. ಗಂಡ ನಕ್ಕದ್ದು ಲಿಗಾಯಾಳಿಗೆ ಸೂಜಿ ಚುಚ್ಚಿದಂತಾಯಿತು.

ಬಸ್ ನಿಲ್ದಾಣದಲ್ಲಿ ಉಸಿರು ಬಿಟ್ಟರೆ ರೆಪ್ಪೆಯ ಮೇಲೆ ಹಿಮ ಕಟ್ಟುವ ಚಳಿ. ಅಲ್ಲೇ ಜಗಳ ಶುರುವಾಯಿತು.

"ಸುಳ್ಳು ಲೆಟರ್ ಬೇಡ ರೊಮುಲೋ."

"ಮತ್ತೇನ್ ಮಾಡ್ತೀಯಾ? ನಾನು ನೋಡು, ಗೋಡೌನಲ್ಲಿ ವಾರಕ್ಕೆ ನಲವತ್ತು ಗಂಟೆ, ಪೂರ್ತಿ ಕೆಲಸ. ನಿಂದೋ ಅಲ್ಲೊಂದು ಚೂರು, ಇಲ್ಲೊಂದು ಚೂರು. ಅದನ್ನ ಯಾರು ಕೆಲಸ ಅಂತಾರೆ?"

"ಏನಂದೆ?"

"ವೆನಾನ್ಸಿಯೋ ಅಣ್ಣ ಹೇಳಿದ್ದು ಹೇಳ್ದೆ."

ಬಸ್ಸು ಬಂತು. ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಮಾರನೇ ದಿನ ಊಟದ ಬಿಡುವಿನಲ್ಲಿ ಲಿಗಾಯಾ ಡಬ್ಬಿಯ ಅನ್ನವನ್ನು ಚಮಚದಲ್ಲಿ ಕುಟ್ಟುತ್ತಾ ಕೂತಿದ್ದಳು. ಬಟ್ಟೆ ಒಗೆಯುವ ವಿಭಾಗದ ಸೊಲೆದಾದ್ ಅಕ್ಕ ಎದುರಿಗೆ ಬಂದು ಕೂತಳು. ಅರವತ್ತು ವರ್ಷ, ಕೂದಲು ಬೆಳ್ಳಗೆ, ಬಾಯಿ ಖಾರ. ಶನಿವಾರಗಳಲ್ಲಿ ಹೊಸಬರಿಗೆ ನೆರವಾಗುವ ಕೇಂದ್ರದಲ್ಲಿ ಸಂಬಳವಿಲ್ಲದೆ ದುಡಿಯುವವಳು.

"ಅನ್ನ ಏನ್ ತಪ್ಪು ಮಾಡ್ತು? ಹಂಗ್ಯಾಕೆ ಹೊಡೀತಿದೀಯಾ?"

ಲಿಗಾಯಾ ಎಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಸೊಲೆದಾದಳ ಮುಖ ಕೆಂಪಾಯಿತು.

"ಸೊನ್ನೆ ಅಂದ್ನಾ? ಅವನ ತಲೆ ಸೊನ್ನೆ! ಇದೇ ಥರ ಕಾಗದ ಹನ್ನೆರಡು ವರ್ಷದ ಹಿಂದೆ ನನ್ನ ತಮ್ಮನ ಕೈಗೆ ಒಬ್ಬ ಕೊಟ್ಟ. ವಲಸೆ ಆಫೀಸಿನವರು ಆ ಕಂಪನಿಗೆ ಒಂದು ಫೋನ್ ಮಾಡಿದ್ರು, ಅಷ್ಟೇ. ಸುಳ್ಳು ಹೇಳಿದೀಯಾ ಅಂತ ಐದು ವರ್ಷ ಬಾಗಿಲು ಹಾಕಿದ್ರು. ಕಾಗದ ಮಾರಿದವನು ಆರಾಮಾಗಿದ್ದ. ನನ್ನ ತಮ್ಮ ಏರ್‌ಪೋರ್ಟಲ್ಲಿ ಅತ್ಕೊಂಡು ಹೋದ."

"ಹಂಗಾದ್ರೆ ನಂದು ಲೆಕ್ಕಕ್ಕೆ ಬರುತ್ತಾ ಅಕ್ಕ?"

"ಬರುತ್ತೆ. ಇವತ್ತು ಸಂಜೆ ನಿಮ್ಮನೆಗೆ ಬರ್ತೀನಿ. ನಿನ್ನ ಗಂಡ ಇರ್ಲಿ."

ಸಂಜೆ ಹುಣಸೆ ಹುಳಿಯ ಸಾರಿನ ಪಾತ್ರೆ ಮೇಜಿನ ಮೇಲಿತ್ತು. ಸೊಲೆದಾದ್ ಕೋಟು ಬಿಚ್ಚುವುದರೊಳಗೆ ರೊಮುಲೋ ಕೇಳಿದ:

"ಅಕ್ಕ, ಬೇಜಾರ್ ಮಾಡ್ಕೋಬೇಡಿ. ಅರ್ಧ ಕೆಲಸ ಹೆಂಗೆ ಪೂರ್ತಿ ಆಗುತ್ತೆ?"

"ಸರ್ಕಾರ ಕೇಳೋದು ಗಂಟೆ ಕಣಪ್ಪ. ಒಂದು ವರ್ಷದ ಪೂರ್ತಿ ಕೆಲಸ ಅಂದ್ರೆ ವಾರಕ್ಕೆ ಮೂವತ್ತು ಗಂಟೆ. ವರ್ಷಕ್ಕೆ ಎಷ್ಟಾಯ್ತು? ಸಾವಿರದ ಐನೂರ ಅರವತ್ತು. ಅಷ್ಟು ಗಂಟೆ ಒಂದೇ ಕಡೆ ಮಾಡು, ಎರಡು ಕಡೆ ಮಾಡು, ನಿನ್ನಿಷ್ಟ. ವಾರಕ್ಕೆ ಹದಿನೈದೇ ಗಂಟೆ ಮಾಡಿದ್ರೆ ಎರಡು ವರ್ಷ ಹಿಡಿಯುತ್ತೆ, ಅಷ್ಟೇ ವ್ಯತ್ಯಾಸ. ಇದು ಇಲ್ಲೇ ದುಡಿದ ಅನುಭವದ ಮೇಲೆ ಹಾಕೋ ಅರ್ಜಿ. ಕಳೆದ ಮೂರು ವರ್ಷದೊಳಗಿನ ಕೆಲಸ ಆಗಿರ್ಬೇಕು. ನಡುವೆ ಬಿಟ್ಟಿದ್ರೂ ಪರವಾಗಿಲ್ಲ."

"ಹಂಗಾದ್ರೆ ಎರಡೂ ಕಡೆ ಇದ್ದಾಗ ಇವಳು ಹೆಚ್ಚಿನ ಪಾಳಿ ಸೇರಿ ಒಂದೊಂದು ವಾರ ನಲವತ್ನಾಲ್ಕು ಗಂಟೆ ಮಾಡಿದಾಳೆ. ಬೇಗ ಮುಗೀಬೇಕಲ್ಲ?"

"ಇಲ್ಲ. ವಾರಕ್ಕೆ ಮೂವತ್ತರ ಮೇಲೆ ಎಷ್ಟು ಮೈ ಮುರಿದ್ರೂ ಸೇರ್ಸಲ್ಲ."

"ಓದ್ತಾ ಓದ್ತಾ ಮಾಡಿದ್ದು?"

"ಪೂರ್ತಿ ಸಮಯದ ಓದಿನಲ್ಲಿದ್ದಾಗ ಮಾಡಿದ್ದು ಈ ಅರ್ಜಿಗೆ ಬರಲ್ಲ. ಸಂಬಳ ಇಲ್ಲದೆ ಮಾಡಿದ್ದೂ ಬರಲ್ಲ. ಸ್ವಂತ ವ್ಯಾಪಾರನೂ ಬರಲ್ಲ."

ರೊಮುಲೋ ಫೋನು ತೆಗೆದು ಲೆಕ್ಕ ಹಾಕಲು ಕೂತ. ಓದು ಮುಗಿದ ಮೇಲೆ ಎರಡೂ ಆಶ್ರಮದಲ್ಲಿ ಸೇರಿ ವಾರಕ್ಕೆ ಮೂವತ್ತು ಗಂಟೆಯಂತೆ ಮೂವತ್ತೈದು ವಾರ. ಸಾವಿರದ ಐವತ್ತು. ಆಮೇಲೆ ಎರಡನೇ ಆಶ್ರಮ ಮುಚ್ಚಿತು. ಉಳಿದದ್ದು ಇಲ್ಲಿಯ ಹದಿನಾರು ಗಂಟೆ, ಮೂವತ್ನಾಲ್ಕು ವಾರ. ಐನೂರ ನಲವತ್ನಾಲ್ಕು. ಕೂಡಿಸಿ, ಅಳಿಸಿ, ಮತ್ತೆ ಕೂಡಿಸಿದ.

"ಸಾವಿರದ ಐನೂರ ತೊಂಬತ್ನಾಲ್ಕು," ಎಂದ ಮೆಲ್ಲಗೆ. "ಆಗ್ಲೇ ದಾಟಿದೆ."

ಲಿಗಾಯಾ ಎದ್ದು ಸಾರಿಗೆ ಸೌಟು ಹಾಕಿದಳು.

ರೊಮುಲೋ ಹುರುಪಿನಿಂದ ಕೇಳಿದ: "ಅಕ್ಕ, ಹಂಗಾದ್ರೆ ನಂದಂತೂ ಎರಡು ವರ್ಷ ಪೂರ್ತಿ ಕೆಲಸ. ನನ್ನ ಹೆಸರಲ್ಲೇ ಹಾಕಿದ್ರೆ?"

"ಗೋಡೌನಲ್ಲಿ ಪೆಟ್ಟಿಗೆ ಎತ್ತೋದು ಕೌಶಲದ ಕೆಲಸದ ಪಟ್ಟೀಲಿಲ್ಲ ಕಣಪ್ಪ. ಆಶ್ರಮದಲ್ಲಿ ರೋಗಿಗಳ ಆರೈಕೆ ಇದೆ. ನೀನು ಹತ್ತು ವರ್ಷ ಮಾಡಿದ್ರೂ ಈ ಅರ್ಜಿಗೆ ಆಗಲ್ಲ. ಅವಳ ಹೆಸರಲ್ಲಿ ಹಾಕಿ, ಗಂಡ, ಮಗಳು ಅಂತ ನೀವಿಬ್ರೂ ಅವಳ ಹಿಂದೆ ಬರ್ಬೇಕು."

ರೊಮುಲೋನ ಮುಖ ಬಿಗಿಯಿತು. "ಬೆನ್ನು ಮುರ್ಕೊಂಡು ದುಡಿಯೋದು ಕೆಲಸ ಅಲ್ವಾ ಹಂಗಾದ್ರೆ?"

ಲಿಗಾಯಾ ಸೌಟನ್ನು ಪಾತ್ರೆಯೊಳಗೆ ಬಿಟ್ಟು ತಿರುಗಿದಳು. "ಉರೀತಾ? ನಿನ್ನೆ ಬಸ್ ಸ್ಟಾಪಲ್ಲಿ ನನಗೂ ಹಿಂಗೇ ಉರೀತು. ಅಲ್ಲೊಂದು ಚೂರು, ಇಲ್ಲೊಂದು ಚೂರು ಅಂದೆ. ಆ ಚೂರು ಚೂರು ಮಾಡಿದ್ದು ನಾನಾ? ನಾನು ಪೂರ್ತಿ ಕೆಲಸ ಮೂರು ಸಲ ಕೇಳ್ದೆ. ಚೂರು ಮಾಡಿ ಕೊಟ್ಟವರು ಅವರು. ಬೈಸ್ಕೊಂಡವಳು ನಾನು!"

ಸಾರು ಆರುತ್ತಿತ್ತು. ರೊಮುಲೋ ಎದ್ದು ಅವಳ ಬಟ್ಟಲಿಗೆ ಸಾರು ಹಾಕಿದ. ಆಮೇಲೆ, "ತಪ್ಪಾಯ್ತು ಕಣೇ," ಎಂದ. "ಇಬ್ಬರದೂ ಕೆಲಸಾನೇ."

"ಕೆಲಸಾನೇ. ನಿಯಮ ಬೇರೆ, ಅಷ್ಟೇ," ಎಂದಳು ಸೊಲೆದಾದ್. "ಈಗ ಕೇಳಿ. ನಾನು ವಕೀಲೆ ಅಲ್ಲ. ಶನಿವಾರ ಕೇಂದ್ರಕ್ಕೆ ಬನ್ನಿ. ಅಲ್ಲಿ ಲೈಸೆನ್ಸ್ ಇರೋ ಸಲಹೆಗಾರ್ತಿ ಇದಾರೆ, ದುಡ್ಡು ತಗೊಳ್ಳಲ್ಲ. ಭಾಷೆ ಪರೀಕ್ಷೆ ಬರೀಬೇಕು. ಗಂಟೆ ತುಂಬಿದ ಮಾತ್ರಕ್ಕೆ ಕಾಯಂ ವಾಸ ಕೈಗೆ ಬಂತು ಅಂದ್ಕೋಬೇಡಿ, ವಯಸ್ಸು, ಓದು, ಭಾಷೆ ಎಲ್ಲದಕ್ಕೂ ಅಂಕ ಇದೆ. ಆದ್ರೆ ಗಂಟೆ ತುಂಬದೆ ಸಾಲಲ್ಲೇ ನಿಲ್ಸಲ್ಲ. ಮೊದಲು ಹುದ್ದೆ, ತಾರೀಕು, ಗಂಟೆ, ಸಂಬಳ ಎಲ್ಲಾ ಬರೆಸಿ ಗ್ವೆನ್ ಹತ್ರ ಲೆಟರ್ ತಗೋ ಲಿಗಾಯಾ."

ಗುರುವಾರ ಗ್ವೆನ್ ಕೊಟ್ಟ ಲೆಟರಿನಲ್ಲಿ ಒಂದೇ ಸಾಲಿತ್ತು: ಈಕೆ ನಮ್ಮಲ್ಲಿ ಅಗತ್ಯವಿದ್ದಾಗ ಕೆಲಸ ಮಾಡುತ್ತಾಳೆ.

ಲಿಗಾಯಾ ಅದನ್ನು ಮೇಜಿನ ಮೇಲೆ ವಾಪಸ್ ಇಟ್ಟಳು. "ಇದು ಆಗಲ್ಲ ಮೇಡಂ. ನನ್ನ ಹುದ್ದೆ ಬರೀಬೇಕು. ಯಾವ ತಾರೀಕಿಂದ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಏನೇನು ಕೆಲಸ ಮಾಡ್ತೀನಿ, ಎಲ್ಲಾ. ಆಶ್ರಮದ ಹೆಸರು, ಫೋನು, ನಿಮ್ಮ ಸಹಿ."

"ನಮ್ಮಲ್ಲಿ ಎಲ್ಲರಿಗೂ ಇದೇ ಮಾದರಿ. ಅರೆಕಾಲಿಕದವರಿಗೆ ಅಷ್ಟೆಲ್ಲ ಬರೆಯೋ ಪದ್ಧತಿ ಇಲ್ಲ."

ಲಿಗಾಯಾಳಿಗೆ ಕಿವಿಯವರೆಗೆ ಬಿಸಿಯೇರಿತು. ಆದರೂ ದನಿ ಏರಿಸಲಿಲ್ಲ. "ಕ್ರಿಸ್ಮಸ್ ದಿನ ಯಾರೂ ಬರದೇ ಇದ್ದಾಗ ಮೂರು ಸಲ ಫೋನ್ ಮಾಡಿ ನನ್ನ ಕರೆಸಿದ್ರಲ್ಲ ಮೇಡಂ, ಆಗ ನಾನು ಅರೆಕಾಲಿಕದವಳು ಅಂತ ನೆನಪಾಗ್ಲಿಲ್ವಾ? ಬಾತ್‌ರೂಮಲ್ಲಿ ಬಿದ್ದ ಅಜ್ಜಿನ ಎತ್ತಿದ್ದು ನನ್ನ ಅರ್ಧ ಕೈನಾ? ನಾನು ಇಲ್ಲದ್ದನ್ನ ಬರೀರಿ ಅಂತಿಲ್ಲ. ನಿಮ್ಮ ಕಂಪ್ಯೂಟರಲ್ಲಿ ಇರೋ ಗಂಟೆ ಬರೀರಿ. ಬರೆಯಲ್ಲ ಅಂತಾದ್ರೆ, ಬರೆಯಲ್ಲ ಅಂತ ಬರೆದು ಸಹಿ ಹಾಕಿ ಕೊಡಿ. ಅದನ್ನೇ ಅರ್ಜಿ ಜೊತೆ ಇಡ್ತೀನಿ."

ಗ್ವೆನ್ ಮೊದಲ ಸಲ ಕಂಪ್ಯೂಟರಿನಿಂದ ಕಣ್ಣು ತೆಗೆದಳು. ಬಾಗಿಲ ಹೊರಗೆ ಇನ್ನೂ ಮೂವರು ಅರೆಕಾಲಿಕದ ಹೆಂಗಸರು ನಿಂತು ಕೇಳುತ್ತಿದ್ದರು. ಮಾರನೇ ದಿನ ಮಧ್ಯಾಹ್ನ ಲೆಟರ್ ಬಂತು. ಎರಡು ಪುಟ, ಗಂಟೆ ಸಮೇತ. ಮುಂದಿನ ವಾರ ಆ ಮೂವರೂ ಅದೇ ಮಾದರಿ ಕೇಳಿ ತೆಗೆದುಕೊಂಡರು.

ಮುಚ್ಚಿಹೋದ ಆಶ್ರಮದಿಂದ ಲೆಟರ್ ಕೊಡಲು ಯಾರೂ ಇರಲಿಲ್ಲ. ಸಲಹೆಗಾರ್ತಿ ಹೇಳಿದಂತೆ ಅಲ್ಲಿಯ ಸಂಬಳದ ಚೀಟಿಗಳನ್ನೆಲ್ಲ ಜೋಡಿಸಿದರು. ತೆರಿಗೆಯ ಕಾಗದ ಸೇರಿಸಿದರು. ಅಲ್ಲಿದ್ದ ಹಳೆಯ ಮೇಲ್ವಿಚಾರಕಿಯನ್ನು ರೊಮುಲೋನೇ ಹುಡುಕಿ ಎರಡು ಬಸ್ಸು ಹಿಡಿದು ಹೋಗಿ ಅವಳಿಂದ ಒಂದು ಪತ್ರ ತಂದ. ಲೆಟರ್ ಯಾಕಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಬರೆದರು.

ವೆನಾನ್ಸಿಯೋನ ಅಂಗಡಿಗೂ ರೊಮುಲೋ ಹೋದ. ಸಾಲಿನಲ್ಲಿ ಐದಾರು ಜನ ಇದ್ದರು.

"ಏನಯ್ಯಾ, ಯೋಚನೆ ಮಾಡಿದ್ಯಾ?" ಎಂದ ವೆನಾನ್ಸಿಯೋ.

"ಮಾಡ್ದೆ. ನಿನ್ನ ಲೆಟರ್ ಬೇಡ."

"ಅರ್ಧಂಬರ್ಧ ಕೆಲಸ ನಂಬ್ಕೊಂಡು ಐದು ತಿಂಗಳಿಗೆ ವಿಮಾನ ಹತ್ತು ಹೋಗು."

"ಅಣ್ಣಾ ಅಂತಿದ್ದೆ ನಿನ್ನ," ಎಂದ ರೊಮುಲೋ. "ನಿನ್ನ ಮಾತು ಕೇಳಿ ಹೆಂಡ್ತಿ ದುಡಿಮೆನ ಹೀಯಾಳಿಸ್ದೆ. ನಿಯಮ ಗೊತ್ತಿಲ್ದೆ ಹೇಳಿದ್ರೆ ನೀನು ದಡ್ಡ. ಗೊತ್ತಿದ್ದೂ ಹೇಳಿದ್ರೆ ಕಳ್ಳ. ಯಾವುದು ಅಂತ ಇವರೆಲ್ಲರ ಮುಂದೆ ನೀನೇ ಹೇಳು."

ವೆನಾನ್ಸಿಯೋ ಹಿಂದಿನ ಕೋಣೆಗೆ ಸರಿದ. ರೊಮುಲೋ ಸಾಲಿನ ಕಡೆ ತಿರುಗಿ ಶನಿವಾರದ ಕೇಂದ್ರದ ವಿಳಾಸವನ್ನು ಎರಡು ಸಲ ಗಟ್ಟಿಯಾಗಿ ಹೇಳಿದ. ಇಬ್ಬರು ಫೋನಿನಲ್ಲಿ ಬರೆದುಕೊಂಡರು.

ಲಿಗಾಯಾ ಭಾಷೆ ಪರೀಕ್ಷೆ ಬರೆದಳು. ಪರವಾನಗಿ ಮುಗಿಯುವ ಆರು ವಾರ ಮೊದಲು, ಅಂಕ ನೋಡಿ, ಸರ್ಕಾರದಿಂದ ಅರ್ಜಿ ಹಾಕುವ ಕರೆ ಬಂತು, ಹಾಕಿದರು. ಅರ್ಜಿ ಹಾಕಿದವರಿಗೆ ಸಿಗುವ ತಾತ್ಕಾಲಿಕ ಪರವಾನಗಿಯ ಮೇಲೆ ದುಡಿಯುತ್ತಾ ಅಲ್ಲಿಂದ ಒಂಬತ್ತು ತಿಂಗಳು ಕಾದರು. ನಡುವೆ ಅಧಿಕಾರಿಯೊಬ್ಬರು ಮುಚ್ಚಿದ ಆಶ್ರಮದ ಗಂಟೆಗಳ ಬಗ್ಗೆ ಪ್ರಶ್ನೆ ಕಳಿಸಿದರು. ಚೀಟಿಗಳಿದ್ದವು, ಉತ್ತರ ಕೊಟ್ಟರು. ಕಾಯಂ ವಾಸದ ಒಪ್ಪಿಗೆ ಬಂದ ದಿನ ಲಿಗಾಯಾ ಬೆಳಗಿನ ಪಾಳಿಯಲ್ಲಿದ್ದಳು. ಓದಿ, ಕೈಗವಸು ಹಾಕಿಕೊಂಡು, ಆರನೇ ಕೋಣೆಯ ಅಜ್ಜನಿಗೆ ಮೈ ತೊಳೆಯಲು ಹೋದಳು. ಅವಳಿಗೆ ಪೂರ್ತಿ ಕೆಲಸ ಇವತ್ತಿಗೂ ಕೊಟ್ಟಿಲ್ಲ. ಆ ಸಿಟ್ಟು ಅವಳಿಗೆ ಇನ್ನೂ ಇದೆ. ಈಗ ಅವಳು ಶನಿವಾರ ಕೇಂದ್ರದಲ್ಲಿ, ಹೊಸಬರಿಗೆ ನೆರವಾಗಲು, ಸೊಲೆದಾದಳ ಪಕ್ಕದ ಕುರ್ಚಿಯಲ್ಲಿ ಕೂರುತ್ತಾಳೆ.

ಇದನ್ನು ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎರಡು ಕಡೆ ತುಂಡು ಕೆಲಸ ಮಾಡಿ ಬದುಕುತ್ತಿರುವವರು ನೀವೇ ಇರಬಹುದು, ಇಲ್ಲವೇ ನಿಮ್ಮ ಮನೆಯವರು ದೂರದಲ್ಲಿ ಹಾಗೆ ಬದುಕುತ್ತಿರಬಹುದು. ಅರೆಕಾಲಿಕ ಕೆಲಸ ಲೆಕ್ಕಕ್ಕಿಲ್ಲ ಎಂದು ಯಾರಾದರೂ ಹೇಳಿದರೆ, ಯಾವ ನಿಯಮದಲ್ಲಿದೆ ತೋರಿಸು ಎನ್ನಿ. ನಿಯಮ ಬದಲಾಗುತ್ತಿರುತ್ತದೆ, ಸರ್ಕಾರದ ಜಾಲತಾಣದಲ್ಲಿ ನೀವೇ ನೋಡಿ, ಲೈಸೆನ್ಸ್ ಇರುವವರನ್ನೇ ಕೇಳಿ. ಸುಳ್ಳು ಕಾಗದಕ್ಕೆ ಸಹಿ ಹಾಕಬೇಡಿ. ಸಂಬಳದ ಒಂದು ಚೀಟಿಯನ್ನೂ ಎಸೆಯಬೇಡಿ. ಕೆಲಸ ಬಿಡುವ ದಿನಕ್ಕೆ ಕಾಯಬೇಡಿ, ಕಂಪನಿ ಮುಚ್ಚುವವರೆಗೂ ಕಾಯಬೇಡಿ. ನಾಳೆ ಬೆಳಿಗ್ಗೆ ಪಾಳಿಗೆ ಹೋದಾಗಲೇ ಮ್ಯಾನೇಜರ್ ಮುಂದೆ ನಿಂತು, ನಿಮ್ಮ ಗಂಟೆಗಳನ್ನು ಬರೆದು ಕೊಡಿ ಎಂದು ಕೇಳಿ. ಕೊಡುವವರೆಗೂ ಅಲ್ಲಿಂದ ಕದಲಬೇಡಿ.