ಹದಿನೇಳನೇ ನಂಬರಿನ ಮುದ್ರೆ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮುಳ್ಳಕ್ಕ ಅಂತಲೇ ಕರೆಯುತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಬಾಯ್ಲರಿಗೆ, ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿಗೆ ಕೂರಿಸುವ ಪ್ರೆಶರ್ ಮೀಟರುಗಳು. ಒಂದೊಂದನ್ನೂ ಪಂಪಿಗೆ ಸಿಕ್ಕಿಸಿ, ಒತ್ತಡ ಏರಿಸಿ ಇಳಿಸಿ, ಬೆರಳ ಗೆಣ್ಣಿನಿಂದ ಗಾಜು ತಟ್ಟಿ, ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೋ ಇಲ್ಲವೋ ನೋಡುವುದು ಅವಳ ಕೆಲಸ. ಸರಿಯಿದ್ದರೆ ಇಕ್ಕಳದಿಂದ ಸೀಸದ ಮುದ್ರೆ ಒತ್ತುತ್ತಿದ್ದಳು. ಮುದ್ರೆಯ ಮೇಲೆ ಅವಳ ನಂಬರು, ಹದಿನೇಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮುಳ್ಳಕ್ಕ ಅನ್ನುವ ಹೆಸರು ಮೀಟರಿನ ಮುಳ್ಳಿನಿಂದ ಬಂತೋ ಅವಳ ನಾಲಿಗೆಯಿಂದ ಬಂತೋ ಅಂತ ಕೇಳಿದರೆ, ಜನ ಎದುರಿಗೆ ಒಂದು ಹೇಳುತ್ತಿದ್ದರು, ಬೆನ್ನ ಹಿಂದೆ ಇನ್ನೊಂದು.

ಒಂದು ಸೋಮವಾರ ನೋಟೀಸ್ ಬೋರ್ಡಿನ ಮೇಲೆ ಹಾಳೆ ಬಿತ್ತು. ಕೆಲಸಗಾರರು ಹೆಚ್ಚಾಗಿದ್ದಾರೆ, ಕಡಿಮೆ ಮಾಡಬೇಕು. ಹದಿನೈದು ವರ್ಷ ದಾಟಿದವರು ತಾವಾಗಿಯೇ ಬಿಟ್ಟುಹೋಗಲು ಒಪ್ಪಿದರೆ ಕಂಪನಿ ಪರಿಹಾರ ಕೊಡುತ್ತದೆ. ಓದಿದವರ ಮುಖ ಸಪ್ಪಗಾಯಿತು. ಮುಳ್ಳಕ್ಕ ಮಾತ್ರ ಎರಡು ಸಲ ಓದಿ, ಒಳಗೊಳಗೇ ನಕ್ಕಳು. ಊರಾಚೆಯ ಪರೀಕ್ಷಾ ಪ್ರಯೋಗಾಲಯವೊಂದು ಅವಳನ್ನು ಕೆಲಸಕ್ಕೆ ಕರೆದು ಆಗಲೇ ಹತ್ತು ದಿನವಾಗಿತ್ತು. ಮುಂದಿನ ತಿಂಗಳು ಒಂದನೇ ತಾರೀಕಿಗೆ ಸೇರಬೇಕಿತ್ತು. ಊಟದ ಗಂಟೆ ಹೊಡೆಯುವುದರೊಳಗೆ ಅವಳ ಅರ್ಜಿ ಮ್ಯಾನೇಜರ ಮೇಜಿನ ಮೇಲಿತ್ತು.

ಗುಟ್ಟು ಒಂದು ವಾರವೂ ಉಳಿಯಲಿಲ್ಲ. ಅವಳ ಗಂಡನದು ಕ್ಷೌರದ ಅಂಗಡಿ, ಅವನ ಬಾಯಿ ಕತ್ತರಿಗಿಂತ ಚುರುಕು. ಕಾರ್ಖಾನೆಯ ಸ್ಟೋರ್ ಕೀಪರು ಕೂದಲು ಕತ್ತರಿಸಿಕೊಳ್ಳಲು ಕೂತಾಗ, ಹೆಂಡತಿಗೆ ದೊಡ್ಡ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ ಅಂತ ಹೆಮ್ಮೆಯಿಂದ ಹೇಳಿಬಿಟ್ಟ. ಮರುದಿನ ಬೆಳಗ್ಗೆ ಮ್ಯಾನೇಜರಿಂದ ಕರೆ ಬಂತು.

"ನೋಡಿಮ್ಮಾ, ನಿಮಗೆ ಬೇರೆ ಕೆಲಸ ಸಿಕ್ಕಿದೆಯಂತೆ. ಸಂತೋಷ. ಹಾಗಿದ್ಮೇಲೆ ರಾಜೀನಾಮೆ ಬರೆದುಕೊಟ್ಟು ಹೋಗಿ. ಈ ಪರಿಹಾರ ದಾರಿ ಇಲ್ಲದೋರಿಗೆ."

"ನೋಟೀಸಲ್ಲಿ ಹಾಗೆಲ್ಲಿದೆ ಸಾರ್?"

"ಎಲ್ಲಾನೂ ಬರೆದಿರೋಕಾಗುತ್ತಾ? ಅರ್ಥ ಮಾಡ್ಕೋಬೇಕು."

"ಇಪ್ಪತ್ತೆರಡು ವರ್ಷ ಮುಳ್ಳು ಎಲ್ಲಿ ನಿಲ್ಲುತ್ತೋ ಅದನ್ನೇ ಬರೆದಿದ್ದೀನಿ. ಎಲ್ಲಿ ನಿಲ್ಲಬೇಕಿತ್ತು ಅಂತ ಅರ್ಥ ಮಾಡ್ಕೊಂಡು ಬರೆದಿಲ್ಲ. ಅರ್ಜಿ ಕಳಿಸಿ ಸಾರ್. ಬೇಡ ಅನ್ನೋದಾದ್ರೆ ಮುಖ್ಯ ಕಚೇರಿಯೋರು ಅನ್ನಲಿ."

ಮ್ಯಾನೇಜರು ಮೂಗು ಮುರಿದರು. ಅರ್ಜಿ ಹೋಗಲಿಲ್ಲ. ಮುಳ್ಳಕ್ಕನಿಗೆ ಮಾತ್ರ ಮರುದಿನವೇ ಪ್ಯಾಕಿಂಗ್ ಕೋಣೆಗೆ ವರ್ಗವಾಯಿತು. ಇಕ್ಕಳವನ್ನು ಟೇಬಲ್ಲಿನ ಡ್ರಾಯರಿನಲ್ಲೇ ಬಿಟ್ಟು ಹೋಗಲು ಹೇಳಿದರು. ರಟ್ಟಿನ ಡಬ್ಬ ಮಡಚು, ಮೀಟರು ಇಡು, ಟೇಪು ಅಂಟಿಸು. ಬೇಜಾರಾಗಿ ತಾನೇ ಬಿಟ್ಟುಹೋಗಲಿ ಅನ್ನುವ ಲೆಕ್ಕಾಚಾರ ಅದು ಅಂತ ಗೋಡೆಗೂ ಗೊತ್ತಿತ್ತು. ಅವಳು ಕ್ಯಾರೇ ಅನ್ನಲಿಲ್ಲ. ಡಬ್ಬಗಳನ್ನೂ ಅಂಚು ಕೂಡಿಸಿ ನೆಟ್ಟಗೆ ಮಡಚಿದಳು.

ತಿಂಗಳು ಮುಗಿಯುತ್ತ ಬಂತು. ಗಂಡ ತಲೆ ಕೆರೆದುಕೊಂಡ. "ತಪ್ಪು ನಂದೇ, ಒಪ್ಕೋತೀನಿ ಕಣೆ. ಆದರೆ ಹಠ ಹಿಡಿದು ಆ ಕೆಲಸಾನೂ ಕಳ್ಕೊಂಡ್ರೆ? ರಾಜೀನಾಮೆ ಬಿಸಾಕಿ ಬಂದುಬಿಡು."

"ಬಿಸಾಕೋಕೆ ಇಪ್ಪತ್ತೆರಡು ವರ್ಷ ಏನು ನಿಮ್ಮ ಅಂಗಡಿಯ ಕೂದಲಾ?"

ಅವನು ನಕ್ಕುಬಿಟ್ಟ. ಅವಳಿಗೆ ನಗು ಬರಲಿಲ್ಲ. ಶನಿವಾರ ಅರ್ಧ ದಿನ ರಜೆ ಹಾಕಿ ಎರಡು ಬಸ್ಸು ಬದಲಿಸಿ ಪ್ರಯೋಗಾಲಯಕ್ಕೆ ಹೋದಳು. ಅಲ್ಲಿನ ಮುಖ್ಯಸ್ಥೆ ಕತ್ತಿಗೆ ಕನ್ನಡಕ ನೇತುಹಾಕಿಕೊಂಡಿದ್ದ, ಅಳೆದು ಮಾತಾಡುವ ಹೆಂಗಸು. ಮುಳ್ಳಕ್ಕ ಏನನ್ನೂ ಮುಚ್ಚಿಡದೆ ಹೇಳಿದಳು. ಆಕೆ ಪೂರ್ತಿ ಕೇಳಿ, "ಹದಿನೈದನೇ ತಾರೀಕಿನವರೆಗೆ ಕಾಯ್ತೀನಿ. ಆಮೇಲೆ ನನ್ನ ಕೈಯಲ್ಲಿಲ್ಲ. ಇನ್ನೊಬ್ಬರು ಸಾಲಲ್ಲಿ ನಿಂತಿದ್ದಾರೆ," ಅಂದರು. ಕರುಣೆಯೂ ಇಲ್ಲ, ಕಠೋರತೆಯೂ ಇಲ್ಲ. ಮುಳ್ಳಕ್ಕನಿಗೆ ಆ ಮಾತು ಹಿಡಿಸಿತು.

ನಾಲ್ಕನೇ ತಾರೀಕು ಪ್ಯಾಕಿಂಗಿಗೆ ನಲವತ್ತು ಆಕ್ಸಿಜನ್ ಮೀಟರುಗಳು ಬಂದವು. ಒಂದನ್ನು ಡಬ್ಬಕ್ಕೆ ಇಡಲು ಹೋದವಳ ಕೈ ಹಾಗೇ ನಿಂತಿತು. ಸೀಸದ ಮುದ್ರೆಯ ಮೇಲೆ ಹದಿನೇಳು. ಇನ್ನೊಂದು ನೋಡಿದಳು, ಹದಿನೇಳು. ಎಲ್ಲದರ ಚೀಟಿಯಲ್ಲೂ ಅವತ್ತಿನದೇ ತಾರೀಕು. ಅವಳು ಪಂಪು ಮುಟ್ಟಿ ಎರಡು ವಾರವಾಗಿತ್ತು. ಒಂದು ಮೀಟರು ಪರೀಕ್ಷೆಗೆ ಹತ್ತು ನಿಮಿಷ ಬೇಡುತ್ತದೆ. ಇವು ನಲವತ್ತೂ ಬೆಳಗಿನ ಒಂದೇ ಗಂಟೆಯಲ್ಲಿ ಬಂದಿದ್ದವು. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಗಾಜು ತಟ್ಟಿದಳು. ಆರನೆಯದರಲ್ಲಿ ಮುಳ್ಳು ಸೊನ್ನೆಗೆ ಬರಲೇ ಇಲ್ಲ, ಗಾಳಿಯಿಲ್ಲದ ಮೀಟರು ಗಾಳಿಯಿದೆ ಅಂತ ತೋರಿಸುತ್ತ ಕೂತಿತ್ತು.

ಅವಳ ಮೈಯೆಲ್ಲ ಉರಿದುಹೋಯಿತು. ಆ ಮೀಟರನ್ನು ಹಿಡಿದು ನೇರ ಮ್ಯಾನೇಜರ ಕೋಣೆಗೆ ಹೋದಳು.

ಅವರು ಎದ್ದು ಬಾಗಿಲು ಹಾಕಿದರು. ದನಿ ಬೆಣ್ಣೆಯಾಯಿತು. "ಆರ್ಡರು ಅರ್ಜೆಂಟಿತ್ತಮ್ಮಾ. ಕೂತ್ಕೊಳ್ಳಿ. ನಿಮ್ಮ ಅರ್ಜಿ ನಾಳೇನೇ ಕಳಿಸ್ತೀನಿ, ಒಳ್ಳೆ ಮಾತು ಬರೆದು ಕಳಿಸ್ತೀನಿ. ಇದು ಇಲ್ಲೇ ಮುಗೀಲಿ."

ಮುಳ್ಳಕ್ಕ ಕೂತಳು. ಸುಳ್ಳು ಯಾಕೆ ಹೇಳಬೇಕು, ಆ ಕುರ್ಚಿಯಲ್ಲಿ ಕೂತ ಒಂದು ಗಳಿಗೆ ಅವಳ ಮನಸ್ಸು ಹೊಯ್ದಾಡಿತು. ಹೂಂ ಅಂದರೆ ಸಾಕಿತ್ತು. ಹದಿನೈದರೊಳಗೆ ಪತ್ರ ಬರುತ್ತಿತ್ತು, ಗಂಡನ ತಲೆಬಿಸಿ ಇಳಿಯುತ್ತಿತ್ತು, ಆ ನಲವತ್ತು ಮೀಟರು ಎಲ್ಲೋ ಯಾರದೋ ಪಾಲಾಗುತ್ತಿದ್ದವು. ಆಮೇಲೆ ಕೈಯಲ್ಲಿದ್ದ ಮೀಟರಿನ ಕಡೆ ನೋಡಿದಳು.

"ನಾಳೆ ಹೋಗೋ ಅರ್ಜಿ ಇಷ್ಟು ದಿನ ಎಲ್ಲಿ ಮಲಗಿತ್ತು ಸಾರ್?"

"ನೋಡಿ, ನಾನು ಒಳ್ಳೇದಕ್ಕೆ..."

"ಅರ್ಜಿ ನನ್ನ ಹಕ್ಕು. ಈ ಮುದ್ರೆ ನನ್ನ ಮರ್ಯಾದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ."

ಎದ್ದು ಹೊರಗೆ ಬಂದು ರವಾನೆ ರಿಜಿಸ್ಟರು ತೆಗೆದಳು. ದಪ್ಪಕ್ಷರದಲ್ಲಿ ಬರೆದಳು: 'ಇಂದು ಬಂದ ನಲವತ್ತು ಮೀಟರುಗಳ ಮುದ್ರೆ ನಾನು ಒತ್ತಿದ್ದಲ್ಲ. ಇವನ್ನು ನಾನು ಪರೀಕ್ಷಿಸಿಲ್ಲ. ಕಳುಹಿಸಕೂಡದು.' ಕೆಳಗೆ ಸಹಿ. ಪಕ್ಕದಲ್ಲಿ ಟೇಪು ಕತ್ತರಿಸುತ್ತಿದ್ದ ಪ್ಯಾಕಿಂಗಿನವಳು ಎಲ್ಲ ನೋಡುತ್ತಿದ್ದಳು, ಮೂರು ಹೆಣ್ಣುಮಕ್ಕಳ ತಾಯಿ, ಯಾರ ಗೋಜಿಗೂ ಹೋಗದವಳು. "ಅಕ್ಕಾ, ಪೆನ್ನು ಇಲ್ಲಿ ಕೊಡಿ," ಅಂದು ಸಾಕ್ಷಿಯಾಗಿ ತಾನೂ ಸಹಿ ಹಾಕಿದಳು. ಅಕ್ಷರ ಸೊಟ್ಟಗಾಯಿತು. ಹಾಕಿದ್ದಂತೂ ಹಾಕಿದಳು.

ಸಂಜೆ ಮನೆಯಲ್ಲಿ ವಿಷಯ ಹೇಳಿದಳು. ಮೊದಲು ಬಾಯಿಬಿಟ್ಟದ್ದು ಅತ್ತೆ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು, ಸೊಸೆಯ ಅಡುಗೆಯನ್ನಾಗಲಿ ಗುಣವನ್ನಾಗಲಿ ಒಂದು ದಿನಕ್ಕೂ ಹೊಗಳಿದವರಲ್ಲ.

"ಉಸಿರಿಗೆ ಒದ್ದಾಡೋರ ಪಕ್ಕ ಕೂತು ಆ ಮುಳ್ಳನ್ನೇ ನೋಡಿಕೊಂಡು ಬೆಳಗು ಮಾಡಿದ್ದೀನಿ ನಾನು," ಅಂದರು. "ಅದು ಸುಳ್ಳು ಹೇಳಿದ್ರೆ ನಮಗೆ ಗೊತ್ತಾಗೋದು ಹೇಗೆ? ಬರಿ. ಮೇಲಿನೋರಿಗೇ ಬರಿ. ಕನ್ನಡಕ ಎಲ್ಲಿ ನಂದು? ಬರೆದದ್ದು ನನಗೆ ಓದಿ ಹೇಳು."

ಓದಿಸಿಕೊಂಡು ಕೇಳೋದಾದರೆ ಕನ್ನಡಕ ಯಾಕೆ ಅಂತ ಯಾರೂ ಕೇಳಲಿಲ್ಲ. ಮುಖ್ಯ ಕಚೇರಿಗೆ ಎರಡು ಕಾಗದ ತಯಾರಾದವು, ಒಂದು ಅರ್ಜಿಯ ನಕಲು, ಇನ್ನೊಂದು ಮುದ್ರೆಯ ದೂರು. ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಗಂಡನೇ ಅಂಚೆ ಕಚೇರಿಗೆ ಓಡಿ ರಿಜಿಸ್ಟರ್ ಮಾಡಿಸಿ ರಸೀದಿ ತಂದ.

ಎಂಟು ದಿನ ಏನೂ ಆಗಲಿಲ್ಲ. ರಿಜಿಸ್ಟರಿನ ಬರಹಕ್ಕೆ ಅಂಜಿ ಆ ಮೀಟರುಗಳನ್ನು ಯಾರೂ ರವಾನಿಸಲಿಲ್ಲ. ಮ್ಯಾನೇಜರು ಅವಳ ಮುಖ ನೋಡುವುದನ್ನೇ ಬಿಟ್ಟರು. ಅವಳು ಹೋದಲ್ಲೆಲ್ಲ ಜನ ಮಾತು ನಿಲ್ಲಿಸುತ್ತಿದ್ದರು. ಹದಿಮೂರನೇ ತಾರೀಕು ಮುಖ್ಯ ಕಚೇರಿಯಿಂದ ಇಬ್ಬರು ಬಂದಿಳಿದು ನಲವತ್ತು ಮೀಟರನ್ನೂ ಪಂಪಿಗೆ ಹಾಕಿಸಿದರು. ಒಂಬತ್ತು ಕೆಟ್ಟಿದ್ದವು. ಮ್ಯಾನೇಜರಿಗೆ ಶಿಕ್ಷೆ ಅಂತ ಆಗಿದ್ದು ಇನ್ನೊಂದು ಶಾಖೆಗೆ ವರ್ಗ. ಅಷ್ಟೇ ದೊಡ್ಡ ಕೋಣೆ, ಅಂಥದೇ ಕುರ್ಚಿ. ಮುಳ್ಳಕ್ಕ ಹಲ್ಲು ಕಚ್ಚಿ ಅದನ್ನೂ ಕೇಳಿಸಿಕೊಂಡಳು.

ಬಂದ ಅಧಿಕಾರಿಗಳಲ್ಲಿ ಹಿರಿಯರು ಅವಳನ್ನು ಕರೆದರು. "ನಿಮ್ಮಂಥೋರು ನಮಗೆ ಬೇಕು. ಪರೀಕ್ಷಾ ವಿಭಾಗ ನೀವೇ ನೋಡ್ಕೊಳ್ಳಿ. ಅರ್ಜಿ ವಾಪಸ್ ತಗೊಳ್ಳಿ."

"ಬೇಕಾಗಿದ್ದಾಗ ಡಬ್ಬ ಮಡಚಿಸಿದ್ರಿ ಸಾರ್. ಈಗ ನನಗೆ ಬೇಡ. ನೋಟೀಸಿನಲ್ಲಿ ಏನಿದೆಯೋ ಅದು ಕೊಡಿ, ಇನ್ನೊಂದು ಮಾತು ನಡೆಸಿಕೊಡಿ. ಆ ಇಕ್ಕಳದ ನಂಬರನ್ನ ನನ್ನೆದುರಿಗೇ ಅರದಿಂದ ತಿಕ್ಕಿ ಅಳಿಸಿ."

ಅವರು ಅವಳನ್ನು ದಿಟ್ಟಿಸಿ ನೋಡಿ ಫಿಟ್ಟರನ್ನು ಕರೆಸಿದರು. ಹದಿನೇಳು ಪುಡಿಪುಡಿಯಾಗಿ ಟೇಬಲ್ಲಿನ ಮೇಲೆ ಉದುರಿತು. ಸಂಜೆಯೊಳಗೆ ಒಪ್ಪಿಗೆ ಪತ್ರ ಅವಳ ಕೈಯಲ್ಲಿತ್ತು. ಹದಿನೈದನೇ ತಾರೀಕು ಬೆಳಗ್ಗೆ ಎಂಟಕ್ಕೆ ಅವಳು ಪ್ರಯೋಗಾಲಯದ ಹೊಸ ಟೇಬಲ್ಲಿನ ಮುಂದೆ ನಿಂತಿದ್ದಳು. ಮುಖ್ಯಸ್ಥೆ ಗಡಿಯಾರ ನೋಡಿ, "ಬಂದ್ರಾ? ಶುರು ಮಾಡಿ," ಅಂದರು, ಅಷ್ಟೇ.

ಆ ಭಾನುವಾರ ಮನೆಯ ಬಾಗಿಲು ಬಡಿದದ್ದು ಪ್ಯಾಕಿಂಗಿನವಳು. ಹಿಂದೆ ಇನ್ನೂ ಇಬ್ಬರು, ಕಾರ್ಖಾನೆಯ ಲೇತ್ ಯಂತ್ರದ ಕೆಲಸದವರು, ಚಪ್ಪಲಿ ಬಿಡಲೋ ಬೇಡವೋ ಅಂತ ನಿಂತಿದ್ದರು. ಅವರ ಅರ್ಜಿಗಳೂ ಎಲ್ಲೋ ಕೊಳೆಯುತ್ತಿದ್ದವಂತೆ. "ಅಕ್ಕಾ, ನಮಗೂ ಒಂದು ಕಾಗದ ಬರೆದುಕೊಡಿ."

ಮುಳ್ಳಕ್ಕ ಅವರನ್ನು ಒಳಗೆ ಕರೆದು ಕೂರಿಸಿದಳು, ಮೂವರ ಮುಂದೆಯೂ ಒಂದೊಂದು ಬಿಳಿ ಹಾಳೆ ಇಟ್ಟಳು.

"ನಾನು ಬರೆಯಲ್ಲ. ನಿಮ್ಮ ಕೆಲಸ, ನಿಮ್ಮ ಕೈಯಕ್ಷರ. ಮೊದಲು ಎಷ್ಟು ವರ್ಷ ದುಡಿದಿದ್ದೀರಿ ಅಂತ ಬರೀರಿ. ದೊಡ್ಡದಾಗಿ ಬರೀರಿ."