ಎರಡು ಹೆಸರಿನ ಟಿಕೆಟ್ಟು

ಬೀದಿಯವರೆಲ್ಲ ಆಕೆಯನ್ನು ಟಿಕೆಟ್ ಮೇಡಂ ಎಂದೇ ಕರೆಯುತ್ತಿದ್ದರು. ಟ್ರಾವೆಲ್ ಆಫೀಸಿನಲ್ಲಿ ಬಾಗಿಲಿಗೆ ಎದುರಾಗಿದ್ದ ಮೇಜು ಆಕೆಯದು. ತಿಂಗಳುಗಟ್ಟಲೆ ದೇಶ ಸುತ್ತಿ ಬರುತ್ತೇವೆಂದು ಹೊರಟವರು ಯಾರೇ ಆಗಲಿ, ಆ ಮೇಜಿನ ಮುಂದೆ ಕೂತು ಒಂದಿಷ್ಟು ಬೈಸಿಕೊಳ್ಳದೆ ಎದ್ದುಹೋದದ್ದಿಲ್ಲ. ಬೈಗುಳವೂ ಒಂದೇ ವಿಷಯಕ್ಕೆ.

"ಹೋಗೋ ಟಿಕೆಟ್ ಆಯ್ತು. ಆ ದೇಶದಿಂದ ಆಚೆ ಹೋಗೋ ಟಿಕೆಟ್ ಎಲ್ಲಿ?"

"ಅಲ್ಲಿಗೆ ಹೋದ್ಮೇಲೆ ನೋಡ್ಕೋತೀವಿ ಮೇಡಂ. ಮನಸ್ಸು ಬಂದ ಕಡೆ ಹೋಗೋದು ಅಂತ."

"ನಿಮ್ಮ ಮನಸ್ಸು ಕಟ್ಕೊಂಡು ಅವರಿಗೇನಾಗಬೇಕು? ವೀಸಾ ಕೈಲಿದ್ರೂ ಅಷ್ಟೇ, ಇಳಿದ್ಮೇಲೆ ಕೊಡ್ತೀವಿ ಅಂದಿದ್ರೂ ಅಷ್ಟೇ. ಯಾವಾಗ ಎದ್ದು ಹೋಗ್ತೀರಿ ಅಂತ ತೋರಿಸ್ದೆ ಇದ್ರೆ ಇಲ್ಲೇ ವಿಮಾನ ಹತ್ತಿಸಲ್ಲ. ಅಲ್ಲಿಂದ ವಾಪಸ್ ಅಟ್ಟಿದ್ರೆ ನಿಮ್ಮನ್ನ ಹೊತ್ಕೊಂಡು ಬರೋದು ವಿಮಾನದವರ ತಲೆ ಮೇಲೆ ಬರುತ್ತೆ. ಅವರೇನು ನಿಮ್ಮ ಸೋದರಮಾವನಾ?"

ಆಕೆಯ ಗಂಡನದು ಅದೇ ಬೀದಿಯ ಕೊನೆಯಲ್ಲಿ ಕನ್ನಡಕದಂಗಡಿ. ಊಟದ ಹೊತ್ತಿಗೆ ಕೇಳಿ ಕೇಳಿ ಅವರಿಗೆ ಈ ಮಾತೆಲ್ಲ ಬಾಯಿಪಾಠವಾಗಿತ್ತು. "ಎಂಥ ನೆಂಟಸ್ತನನೇ ಇದು? ಬಾಗಿಲಲ್ಲೇ ನಿಲ್ಲಿಸಿ, ಯಾವ ಬಸ್ಸಿಗೆ ವಾಪಸ್ ಹೋಗ್ತೀರಿ ಅಂತ ಕೇಳೋದಾ? ನಮ್ಮಕ್ಕ ಕೂಡ ಹಂಗೆ ಕೇಳಲ್ಲ" ಎನ್ನುತ್ತಿದ್ದರು. ಮಹಡಿಯ ಮೇಲೆ ವಾಸವಾಗಿದ್ದ ಅಕ್ಕ ಸುಮ್ಮನಿರುವ ಪೈಕಿಯವರಲ್ಲ. "ಕೇಳ್ತೀನಿ ಕಣೋ. ನೀನು ಬಂದಾಗ ಮಾತ್ರ ಕೇಳ್ತೀನಿ" ಎಂದು ಮೆಟ್ಟಿಲ ಮೇಲಿಂದಲೇ ಉತ್ತರ ಕೊಡುತ್ತಿದ್ದರು.

ಅಂಥ ಮನುಷ್ಯ ಒಂದು ದಿನ ಗಿರಾಕಿಯ ಹಾಗೆ ಬಂದು ಆಕೆಯ ಮೇಜಿನ ಮುಂದೆ ಕೂತರು. "ಮೇಡಂ, ನನಗೂ ನನ್ನ ಹೆಂಡತಿಗೂ ಟಿಕೆಟ್ ಬೇಕಿತ್ತು. ಅವಳು ಊರಿಗೆಲ್ಲ ಟಿಕೆಟ್ ಮಾಡಿಸ್ತಾಳೆ, ತಾನು ಮಾತ್ರ ಒಂದು ದಿನಾನೂ ವಿಮಾನದ ಮೆಟ್ಟಿಲು ಹತ್ತಿಲ್ಲ." ಪಕ್ಕದ ಮೇಜಿನವಳು ನಕ್ಕು ನಕ್ಕು ಸುಸ್ತಾದಳು. ಆಕೆಗೆ ನಾಚಿಕೆಯಾಗಿ ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡಳು.

ಹಾಗೆ ಶುರುವಾದದ್ದು ಅದು. ನಾಲ್ಕು ದೇಶ, ಮೂರು ತಿಂಗಳು. ಮಕ್ಕಳಿಲ್ಲದ ಮನೆ, ಬೀಗ ಹಾಕಿ ಹೊರಟರೆ ಕೇಳುವವರಿಲ್ಲ. ಯಾವ ದೇಶಕ್ಕೆ ವೀಸಾ ಮೊದಲೇ ಬೇಕು, ಯಾವುದಕ್ಕೆ ಇಳಿದ ಮೇಲೆ ಸಿಗುತ್ತದೆ, ಒಂದರಿಂದ ಇನ್ನೊಂದಕ್ಕೆ ಹೋಗುವ ಟಿಕೆಟ್ಟಿನ ತಾರೀಕು ವೀಸಾದ ಗಡುವಿನೊಳಗೆ ಬೀಳುತ್ತದೋ ಇಲ್ಲವೋ, ಎಲ್ಲವನ್ನೂ ಆಕೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದಳು. ಇಬ್ಬರದ್ದೂ ಒಂದೇ ಬುಕಿಂಗ್. ಮೇಲೆ ಗಂಡನ ಹೆಸರು, ಕೆಳಗೆ ಆಕೆಯದು.

ವೀಸಾಗಳೆಲ್ಲ ಬಂದ ಮೇಲೆ ಗಂಡ ಸತ್ತರು. ಅಂಗಡಿಯಲ್ಲಿ ಯಾರದೋ ಕನ್ನಡಕದ ಕಾಲು ಸರಿಮಾಡುತ್ತಿದ್ದವರು ಹಾಗೇ ಮೇಜಿಗೆ ಒರಗಿಬಿಟ್ಟರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ನೋಡಿ, ಸತ್ತರು ಎಂದು ಹೇಳುತ್ತಿರುವವರು ನಾವು. ಆಕೆ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದು ಅತ್ತಿಗೆಗೆ, ಮಹಡಿಯ ಮೇಲಿನ ಆ ಅಕ್ಕನಿಗೆ. ನೆಂಟರಿಷ್ಟರಿಗೆಲ್ಲ ಫೋನು ಮಾಡಿ ತಿಳಿಸಿದವರೂ ಅತ್ತಿಗೆಯೇ. ಬಂದವರು "ಹೀಗಾಗಬಾರದಿತ್ತು" ಎಂದರೆ ಆಕೆ ತಲೆಯಾಡಿಸುತ್ತಿದ್ದಳು. ಹಾಲಿನವನು "ಸಾರ್ ಕಾಣ್ತಿಲ್ಲ" ಎಂದಾಗ "ಇಲ್ಲ" ಎಂದಿದ್ದಳು. ಇಲ್ಲ ಎಂದರೆ ಅಂಗಡಿಗೆ ಹೋಗಿದ್ದಾರೆ ಎಂದೂ ಆಗುತ್ತದಲ್ಲ. ಆಕೆಗೆ ಅಳು ಬಂದಿರಲಿಲ್ಲ. ಹೊಟ್ಟೆಗೆ ಏನು ಬಿದ್ದರೂ ಒಂದೇ, ಬೀಳದಿದ್ದರೂ ಒಂದೇ. ಎಲ್ಲಿ ಕೂರಿಸಿದರೆ ಅಲ್ಲಿ ಕೊರಡಿನ ಹಾಗೆ ಕೂತಿರುತ್ತಿದ್ದಳು. ಒಂದು ದಿನ ಒಲೆಯ ಮೇಲೆ ಪಾತ್ರೆ ಸೀದು ಮನೆಯೆಲ್ಲ ಹೊಗೆಯಾಗಿ ಅತ್ತಿಗೆ ಓಡಿಬಂದರೆ, ಆಕೆ ಅದೇ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಹೊಗೆ ಕಂಡಿರಲಿಲ್ಲ ಎಂದಲ್ಲ. ಏಳಬೇಕು ಎನಿಸಿರಲಿಲ್ಲ.

ಅತ್ತಿಗೆಗೆ ಜೀವ ಬಾಯಿಗೆ ಬಂತು. ಒಲೆ ಆರಿಸಿ, ಕಿಟಕಿ ತೆಗೆದು, ಆಕೆಯ ಎದುರಿಗೆ ಕೂತರು.

"ಆ ಟಿಕೆಟ್ ಇನ್ನೂ ಇದೆಯೇನೇ?"

"ಇದೆ."

"ಹೋಗಿ ಬಾ. ಜನ ಏನಾದ್ರೂ ಅಂದ್ಕೊಳ್ಳಲಿ, ಅವರ ಬಾಯಿಗೆ ನಾನಿದ್ದೀನಿ. ಈ ಮನೇಲಿ ಹಿಂಗೇ ಕೂತ್ರೆ ನೀನೂ ಹೋಗಿಬಿಡ್ತೀಯ. ಒಬ್ಬನ್ನ ಕಳ್ಕೊಂಡಿದ್ದು ಸಾಕು ನನಗೆ."

ಆಕೆ ಆಗಲಿ ಎಂದಳು. ಹೋಗಬೇಕೆಂದು ಆಸೆಯೇನೂ ಆಗಿರಲಿಲ್ಲ. ಅತ್ತಿಗೆ ಹೇಳಿದ್ದು ನಿಜ ಎಂಬುದಷ್ಟೇ ಆಕೆಗೆ ಗೊತ್ತಿತ್ತು. ಆ ಸ್ಟೂಲಿನ ಮೇಲೆ ಇನ್ನೊಂದು ಸಲ ಕೂತರೆ ತಾನು ಏಳುವುದಿಲ್ಲ.

ಆದರೆ ಒಂದು ಕೆಲಸ ಬಾಕಿಯಿತ್ತು. ಒಂದೇ ಬುಕಿಂಗಿನಲ್ಲಿದ್ದ ಇಬ್ಬರಲ್ಲಿ ಒಬ್ಬರು ಹೋಗುವುದಿಲ್ಲವೆಂದರೆ ಆ ಹೆಸರನ್ನು ಮೊದಲು ಬೇರೆ ಮಾಡಬೇಕು. ಆಫೀಸಿನಲ್ಲಿ ಅದಕ್ಕೆ ಸ್ಪ್ಲಿಟ್ ಎನ್ನುತ್ತಾರೆ. ಮಾಡದೆ ಹಾಗೇ ಬಿಟ್ಟರೆ, ಬಾರದವರು ಬರಲಿಲ್ಲವೆಂದು ದಾಖಲಾದ ಕೂಡಲೇ ಆ ಬುಕಿಂಗಿನ ಮುಂದಿನ ಟಿಕೆಟ್ಟುಗಳೆಲ್ಲ ಬಿದ್ದುಹೋಗುವುದು ಈ ವಿಮಾನ ಕಂಪನಿಯ ಪದ್ಧತಿ. ಮುಂದಿನ ಟಿಕೆಟ್ ಬಿತ್ತೆಂದರೆ ಹೋದ ದೇಶದಿಂದ ಆಚೆ ಹೋಗುವ ದಾರಿಯೇ ಇಲ್ಲವೆಂದು ಲೆಕ್ಕ. ಮದುವೆಯಾದ ವಾರಕ್ಕೇ ಜಗಳವಾಡಿಕೊಂಡ ಜೋಡಿಗಳದ್ದನ್ನೆಲ್ಲ ಆಕೆ ಚಹಾ ಕುಡಿಯುತ್ತಲೇ ಸ್ಪ್ಲಿಟ್ ಮಾಡಿ ಕೊಟ್ಟವಳು. ನೀರು ಕುಡಿದಷ್ಟು ಸುಲಭದ ಕೆಲಸ.

ಪಕ್ಕದ ಮೇಜಿನವಳು ಮನೆಗೇ ಫೋನು ಮಾಡಿ, "ಅಕ್ಕಾ, ನಿಮ್ಮ ಬುಕಿಂಗ್ ನಾನು ಸ್ಪ್ಲಿಟ್ ಮಾಡ್ಲಾ?" ಎಂದು ಕೇಳಿದ್ದಳು.

"ಬೇಡ. ನಾನೇ ಮಾಡ್ತೀನಿ."

ಮಾಡಲಿಲ್ಲ. ಆಫೀಸಿಗೆ ಹೋಗಿ ಬುಕಿಂಗ್ ತೆಗೆದು ಕೂತದ್ದುಂಟು. ಎರಡು ಹೆಸರೂ ಒಂದರ ಕೆಳಗೊಂದು ಇದ್ದವು. ಆ ಪರದೆಯ ಮಟ್ಟಿಗೆ ಇಬ್ಬರೂ ಹೊರಡುವವರೇ. ನಾಳೆ ಮಾಡಿದರಾಯಿತು ಎಂದು ಮುಚ್ಚಿದಳು. ಮರುದಿನವೂ ನಾಳೆ ಎಂದಳು. ಬೇರೆಯವರು ಯಾರಾದರೂ ಹೀಗೆ ಮಾಡಿದ್ದರೆ ಅವರ ಜನ್ಮ ಜಾಲಾಡಿರುತ್ತಿದ್ದಳು.

ಹೊರಡುವ ದಿನ ಅತ್ತಿಗೆಯೇ ಟ್ಯಾಕ್ಸಿ ತರಿಸಿ ವಿಮಾನ ನಿಲ್ದಾಣಕ್ಕೆ ಕರೆತಂದರು. ದಾರಿಯುದ್ದಕ್ಕೂ ಮಾತು. ಚಳಿಗೆ ಕಿವಿ ಮುಚ್ಚಿಕೋ, ಅಪರಿಚಿತರು ಕೊಟ್ಟದ್ದು ತಿನ್ನಬೇಡ, ಚಪ್ಪಲಿ ಕಚ್ಚಿದರೆ ಹೊಸದು ತೊಗೋ, ಜಿಪುಣತನ ಮಾಡಬೇಡ. ಆಕೆ ಹೂಂಗುಟ್ಟುತ್ತಿದ್ದಳು. ಸಂದರ್ಶಕರ ಪಾಸು ಕೊಂಡು ಒಳಗೆ ಬಂದ ಮೇಲೆ ಅತ್ತಿಗೆ ಮಂಡಿನೋವೆಂದು ಕಂಬದ ಪಕ್ಕದ ಬೆಂಚಿನಲ್ಲಿ ಕೂತರು. ಆಕೆ ಪೆಟ್ಟಿಗೆ ತಳ್ಳಿಕೊಂಡು ಸಾಲಿನಲ್ಲಿ ನಿಂತಳು.

ಕೌಂಟರಿನಲ್ಲಿದ್ದವರು ನಡುವಯಸ್ಸಿನ ಗಂಡಸು. ಕನ್ನಡಕ ಮೂಗಿನ ಮೇಲಿಂದ ಜಾರುತ್ತಿತ್ತು, ಪ್ರತಿ ಕೀಲಿ ಒತ್ತಿದಾಗಲೂ ಬೆರಳಿಂದ ಮೇಲೆ ತಳ್ಳಿಕೊಳ್ಳುತ್ತಿದ್ದರು. ಆಕೆ ಪಾಸ್‌ಪೋರ್ಟ್ ಕೊಟ್ಟಳು.

"ಅಲ್ಲಿಂದ ಮುಂದಕ್ಕೆ ಟಿಕೆಟ್ ಇದೆಯಾ ಅಮ್ಮ?"

"ಇದೇ ಬುಕಿಂಗ್‌ನಲ್ಲಿದೆ."

ಅವರು ನೋಡಿದರು, ಕನ್ನಡಕ ತಳ್ಳಿಕೊಂಡರು, ಮತ್ತೆ ನೋಡಿದರು. ಆಕೆಗೆ ಅದನ್ನು ನೋಡುತ್ತಾ ಇರಲಾಗಲಿಲ್ಲ. ಇಷ್ಟು ವರ್ಷದ ರೂಢಿ, ಬಾಯಿಂದ ತಾನಾಗಿ ಬಂತು.

"ಕನ್ನಡಕದ ಕಾಲು ಸಡಿಲ ಆಗಿದೆ. ಒಂದು ಸಲ ಅಂಗಡಿಗೆ ಬನ್ನಿ, ನಮ್ಮನೆಯವರು ನಿಂತ ಕಾಲಲ್ಲೇ ಸರಿಮಾಡಿಕೊಡ್ತಾರೆ."

"ಹೌದಾ? ಒಳ್ಳೇದಾಯ್ತು." ಅವರು ಪರದೆಯತ್ತ ಬೆರಳು ತೋರಿಸಿದರು. "ಈ ಇನ್ನೊಂದು ಹೆಸರು ಅವರದ್ದೇನಾ? ಎಲ್ಲಿದ್ದಾರೆ, ಕರೀರಿ. ಇಬ್ಬರದ್ದೂ ಒಟ್ಟಿಗೇ ಮಾಡಿಬಿಡ್ತೀನಿ."

ಆಕೆ ಪೆಟ್ಟಿಗೆಯ ಹಿಡಿಯನ್ನು ಒಳಗೆ ತಳ್ಳಿದಳು. ನಂತರ, "ಅವರು ಬರಲ್ಲ" ಎಂದಳು.

"ಬರಲ್ಲ ಅಂದ್ರೆ ಕಷ್ಟ. ಹಿಂಗೇ ಬಿಟ್ರೆ ನಿಮ್ಮ ಮುಂದಿನ ಟಿಕೆಟ್ಟೂ ಬಿದ್ದುಹೋಗುತ್ತೆ. ಆಮೇಲೆ ನಿಮ್ಮನ್ನ ಹತ್ತಿಸೋ ಹಾಗಿಲ್ಲ. ನಿಮ್ಮ ಏಜೆಂಟ್ ಯಾರು? ಇದನ್ನ ಅವರು ಮೊದಲೇ ಮಾಡಬೇಕಿತ್ತಲ್ಲ."

"ಏಜೆಂಟ್ ನಾನೇ."

ಅವರು ತಲೆಯೆತ್ತಿ ಆಕೆಯನ್ನು ಸರಿಯಾಗಿ ನೋಡಿದ್ದು ಆಗಲೇ. ತಮಾಷೆ ಮಾಡುತ್ತಿದ್ದಾಳೋ ಎಂದು ಕಾದರು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಟ್ರಾಲಿಯನ್ನು ಆಕೆಯ ಹಿಮ್ಮಡಿಗೆ ತಾಗಿಸಿದರು. ಕಂಬದ ಪಕ್ಕದಿಂದ ಅತ್ತಿಗೆ ಏನೋ ಎಡವಟ್ಟಾಗಿದೆಯೆಂದು ಮಂಡಿ ಹಿಡಿದುಕೊಂಡೇ ಎದ್ದು ಬಂದರು.

"ಏನಂತೆ? ಆ ಹೆಸರಿನ ವಿಷಯನಾ? ನಾನು ಹೇಳ್ತೀನಿ ಇರಿ, ನಾನು ಅವನ ಸ್ವಂತ ಅಕ್ಕ."

"ನೀವು ಪ್ರಯಾಣ ಮಾಡ್ತಿಲ್ಲವಲ್ಲ ಅಮ್ಮ. ಈ ಬುಕಿಂಗ್‌ನಲ್ಲಿರೋರೇ ಹೇಳಬೇಕು. ದಯವಿಟ್ಟು ಆ ಕಡೆ ನಿಂತ್ಕೊಳ್ಳಿ." ದನಿ ಗಡುಸಾಗಿರಲಿಲ್ಲ, ಆದರೆ ಜಗ್ಗುವವರಲ್ಲ. ಅತ್ತಿಗೆ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ಕಂಬದ ಹತ್ತಿರದ ಬೆಂಚಿಗೆ ಹೋಗಿ ಕೂತರು. ಅವರ ಜೀವಮಾನದಲ್ಲಿ ಒಬ್ಬರ ಮಾತಿಗೆ ಅಷ್ಟು ಬೇಗ ತಣ್ಣಗಾದದ್ದು ಅದೊಂದೇ ಸಲವಿರಬೇಕು.

ಕೌಂಟರಿನವರು ಪರದೆಯಲ್ಲಿದ್ದದ್ದನ್ನು ಓದುತ್ತಾ ಕೇಳಿದರು. "ಕಾರಣ ಹಾಕಬೇಕು. ತಡವಾಗಿ ಬರ್ತಾರಾ?"

"ಇಲ್ಲ."

"ಹುಷಾರಿಲ್ವಾ? ಬೇರೆ ದಿನ ಹೋಗೋದಾದ್ರೆ ಇಬ್ಬರದ್ದೂ ಒಟ್ಟಿಗೇ ಮುಂದಕ್ಕೆ ಹಾಕಬಹುದು. ಹೆಸರು ಬೇರೆ ಮಾಡೋದೇ ಬೇಕಾಗಲ್ಲ."

ಆಕೆಗೆ ಎದೆಯ ಮೇಲಿನ ಭಾರ ಸರ್ರನೆ ಇಳಿದಂತಾಯಿತು. ಎಷ್ಟು ಸುಲಭ. ಇಬ್ಬರೂ ಹೋಗುವವರಾಗಿಯೇ ಉಳಿಯಬಹುದು. ಒಂದಿಷ್ಟು ದಿನ ಕಳೆದು ಮತ್ತೆ ಮುಂದಕ್ಕೆ ಹಾಕಬಹುದು, ಆಮೇಲೆ ಮತ್ತೆ.

"ಹಾಗೇ ಮಾಡಿ" ಎಂದಳು.

"ಸರಿ. ಯಾವ ದಿನಕ್ಕೆ ಹಾಕಲಿ?"

ಅವರು ಕ್ಯಾಲೆಂಡರ್ ತೆಗೆದು, ಆಕೆಗೆ ಕಾಣಲೆಂದು ಪರದೆಯನ್ನೇ ಈ ಕಡೆಗೆ ತಿರುಗಿಸಿದರು. ಈ ತಿಂಗಳು, ಬರುವ ತಿಂಗಳು, ಅದರಾಚೆಯದು. ಒಳ್ಳೆಯ ಮನುಷ್ಯ, ಅವಸರ ಮಾಡಲಿಲ್ಲ. ಆಕೆ ಒಂದೊಂದೇ ಚೌಕ ನೋಡಿದಳು. ಗಿರಾಕಿಗಳಿಗೆ ನೂರಾರು ಸಲ ದಿನ ಹುಡುಕಿ ಕೊಟ್ಟ ಕಣ್ಣು ಅದು. ಮುಂದಿನ ತಿಂಗಳು ನೋಡಿದಳು, ಅದರ ಮುಂದಿನದನ್ನೂ ನೋಡಿದಳು. ಗಂಡ ಬರಬಹುದಾದ ದಿನ ಯಾವ ಚೌಕದಲ್ಲೂ ಇರಲಿಲ್ಲ.

"ಯಾವ ದಿನಕ್ಕೂ ಬರಲ್ಲ" ಎಂದಳು. "ಸತ್ತುಹೋಗಿದ್ದಾರೆ."

ಕೌಂಟರಿನವರ ಬೆರಳು ಕೀಲಿಗಳ ಮೇಲೆ ನಿಂತಿತು. "ನನಗೆ ಗೊತ್ತಾಗಲಿಲ್ಲ ಅಮ್ಮ" ಎಂದರು. ಆಮೇಲೆ ಏನನ್ನೂ ಕೇಳದೆ ಒತ್ತಬೇಕಾದ್ದನ್ನೆಲ್ಲ ಒತ್ತಿದರು. ಪೆಟ್ಟಿಗೆ ಬೆಲ್ಟಿನ ಮೇಲೆ ಸಾಗಿ ಒಳಗೆ ಹೋಯಿತು. ಹೊಸದಾಗಿ ಬಂದ ಹಾಳೆಯನ್ನು ಕೊಟ್ಟು, "ಮುಂದಿನ ಟಿಕೆಟ್ ಎಲ್ಲಾ ಉಳಿದಿದೆ. ಇನ್ನು ಹತ್ತಿಸ್ತಾರೆ, ಹೋಗಿ" ಎಂದರು. ಆಕೆ ಅಭ್ಯಾಸದಿಂದ ಮೇಲಿನಿಂದ ಕೆಳಗೆ ಓದಿದಳು. ತಾರೀಕು ಸರಿಯಿತ್ತು, ವಿಮಾನಗಳು ಸರಿಯಿದ್ದವು. ಹೆಸರು ಒಂದೇ ಇತ್ತು.

ಆಕೆ ಕಂಬದ ಹತ್ತಿರ ಬಂದಳು. ಅತ್ತಿಗೆ ಮುಖ ನೋಡಿಯೇ ಬೆಂಚಿನಲ್ಲಿ ಸರಿದು ಜಾಗ ಮಾಡಿದರು. ಆಕೆ ಕೂರಲಿಲ್ಲ. ಅತ್ತಿಗೆಯ ತೋಳು ಹಿಡಿದುಕೊಂಡಳು. ದೂರದ ಊರಿನಿಂದ ಈಗಷ್ಟೇ ಓಡಿಬಂದು ಸುದ್ದಿ ಮುಟ್ಟಿಸುವವರ ಹಾಗೆ ಹೇಳಿದಳು.

"ಅತ್ತಿಗೆ, ಅವರು ಸತ್ತುಹೋದ್ರು."

ಆಸ್ಪತ್ರೆಯಲ್ಲಿ ಆ ಮಾತನ್ನು ಮೊದಲು ಕೇಳಿದವರು, ಮನೆಮನೆಗೂ ಫೋನು ಮಾಡಿ ಅದನ್ನೇ ಹೇಳಿ ಹೇಳಿ ದನಿ ಬಿದ್ದುಹೋದವರು ಅತ್ತಿಗೆ. ಈಗ ಏನು ಹೊಸದೆಂದು ಅವರು ಕೇಳಲಿಲ್ಲ. ಕಣ್ಣು ತುಂಬಿ ಬಂತು.

"ಹೌದು ಕಣೇ" ಎಂದರು. "ಸತ್ತುಹೋದ."

ಆಗ ಆಕೆಗೆ ನೋವಾಯಿತು. ಬೆಂಚಿಗೆ ಕುಸಿದು, ಅತ್ತಿಗೆಯ ಮಡಿಲಲ್ಲಿ ಮುಖವಿಟ್ಟು, ಹೋಗಿಬರುವ ಜನರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅತ್ತಳು. ಅತ್ತಿಗೆ ಯಾರನ್ನೂ ಲೆಕ್ಕಕ್ಕಿಡದೆ ಆಕೆಯ ಬೆನ್ನು ನೀವುತ್ತಾ ಗೋಡೆಯ ಗಡಿಯಾರದ ಕಡೆಗೊಂದು ಕಣ್ಣಿಟ್ಟಿದ್ದರು.

"ಗೇಟು ಮುಚ್ಚೋಕೆ ಇನ್ನೂ ಹೊತ್ತಿದೆ. ಅತ್ತು ಮುಗಿಸಿ ಹೋಗು" ಎಂದರು.